ದೊಡ್ಡ ಎಕ್ಸಾಸ್ಟ್ ಆಮೇಲೆ, ಮೊದಲು ಒಳಗೆ ಗಾಳಿ ಬಿಡಿ

ಹೋಟೆಲ್ ಅಡುಗೆಮನೆಗಳಿಗೆ ಗಾಳಿ ಹಾಯುವ ಡಕ್ಟ್, ಹೊಗೆ ಹೊರಗೆಳೆಯುವ ಬ್ಲೋವರ್ ಕೂರಿಸುವುದು ನನ್ನ ಕೆಲಸ. ಬೆಂಗಳೂರಿನ ಓನರ್‌ಗಳು ಫೋನ್ ಮಾಡಿದರೆ ಸಾಮಾನ್ಯವಾಗಿ ಒಂದೇ ರಾಗ: "ಹಾಲ್‌ಗೆಲ್ಲಾ ಒಗ್ಗರಣೆ ಘಾಟು ಸಾರ್, ಇನ್ನೂ ದೊಡ್ಡ ಎಕ್ಸಾಸ್ಟ್ ಹಾಕಿಕೊಡಿ." ಹೊರಗೆ ಹೋದಷ್ಟು ಗಾಳಿ ಒಳಗೆ ಎಲ್ಲಿಂದ ಬರಬೇಕು ಅಂತ ಯಾರೂ ಕೇಳುವುದಿಲ್ಲ.

ಜಯನಗರದ ಒಂದು ಏಸಿ ಹೋಟೆಲ್. ಮೊದಲ ಮಹಡಿ, ಕಿಟಕಿಗಳೆಲ್ಲ ಸೀಲ್. ಬ್ಲೋವರ್ ನಿಮಿಷಕ್ಕೆ 3000 ಘನ ಅಡಿಯದ್ದು, ಆದರೆ ಒಳಗೆ ಗಾಳಿ ಬಿಡುವ ಫ್ಯಾನ್ ಒಂದೂ ಇರಲಿಲ್ಲ. ಮುಂಬಾಗಿಲು ಎಳೆಯೋಕೆ ಗಿರಾಕಿಗಳು ಒದ್ದಾಡುತ್ತಿದ್ದರು. ಮೀಟರ್ ಹಿಡಿದರೆ ಹೊರಗಿಗಿಂತ ಒಳಗೆ ಗಾಳಿಯ ಒತ್ತಡ 25 ಪ್ಯಾಸ್ಕಲ್ ಕಡಿಮೆ. ಸುಮ್ನೆ ಕೇಳಿದರೆ ಏನೂ ಅಲ್ಲ ಅನಿಸುತ್ತದೆ ಅಲ್ವಾ? ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿಗೆ ಲೆಕ್ಕ ಹಾಕಿ, ಹತ್ತಿರ ಹತ್ತಿರ ಐದು ಕೆಜಿ ಒತ್ತಡ ಬೀಳುತ್ತದೆ.

ಅಡುಗೆಯವರು ಸೆಕೆ ತಾಳಲಾರದೆ ಹಿಂಬಾಗಿಲು ತೆಗೆದರೆ ಇನ್ನೊಂದು ತಾಪತ್ರಯ. ಹಾಲ್ ಪಕ್ಕದ ಟಾಯ್ಲೆಟ್ ಫ್ಯಾನೂ ಗಾಳಿ ಎಳೆಯುತ್ತಿತ್ತು, ಹಾಗಾಗಿ ಹಿಂಬಾಗಿಲಿಂದ ಬಂದ ಗಾಳಿ ಒಲೆಯ ಹೊಗೆ ಹೊತ್ತುಕೊಂಡು ನೇರ ಊಟದ ಹಾಲ್‌ಗೇ. ತಿಂಡಿ ಕೊಡುವ ಕಿಂಡಿಯಲ್ಲಿ ಊದುಬತ್ತಿ ಹಿಡಿದು ಓನರ್‌ಗೆ ತೋರಿಸಿದೆ. ಹೊಗೆ ಅಡುಗೆಮನೆ ಕಡೆ ಬಾಗಬೇಕು, ಅದು ಟೇಬಲ್‌ಗಳ ಕಡೆ ಬಾಗುತ್ತಿತ್ತು. ಮೀಟರ್ ನಂಬದವರೂ ಊದುಬತ್ತಿ ನಂಬುತ್ತಾರೆ!

ಬ್ಲೋವರ್ ಬದಲಿಸಲಿಲ್ಲ. ಅಡುಗೆಮನೆಗೆ 2400 ಘನ ಅಡಿ ಹೊಸ ಗಾಳಿ ಕೊಟ್ಟೆ, ಉಳಿದ 600 ಹಾಲ್‌ನಿಂದ ಕಿಂಡಿ ಮೂಲಕ ಹೋಗಲಿ ಅಂತ. ಹಾಲ್‌ಗೆ 850: ಅದರಲ್ಲಿ 600 ಅಡುಗೆಮನೆಗೆ, 150 ಟಾಯ್ಲೆಟ್‌ಗೆ, ಮಿಕ್ಕಿದ್ದು ಬಾಗಿಲ ಸಂದಿಯಿಂದ ಹೊರಗೆ ತಳ್ಳುತ್ತಿರುತ್ತದೆ, ರಸ್ತೆ ಧೂಳು ಒಳಗೆ ನುಗ್ಗುವುದಿಲ್ಲ. ಗಾಳಿಯನ್ನು ನೇರ ಒಲೆ ಮೇಲೆ ಬಿಡಬಾರದು. ಉರಿ ಅಲ್ಲಾಡುತ್ತದೆ, ಹುಡ್ (ಒಲೆ ಮೇಲೆ ಹೊಗೆ ಹಿಡಿಯುವ ಗೂಡು) ಕೆಳಗಿನ ಹೊಗೆಯೂ ಚೆದುರುತ್ತದೆ. ಹೊಸ ಗಾಳಿ ಎಳೆಯುವ ಬಾಯಿ ಚಿಮಣಿಯಿಂದ ಹತ್ತಡಿಯಾದರೂ ದೂರ ಇರಲಿ, ಜನರೇಟರ್ ಹತ್ತಿರವಂತೂ ಬೇಡವೇ ಬೇಡ.

ನಮ್ಮೂರಿನ ಹವೆ ಪುಣ್ಯ, ಅಡುಗೆಮನೆ ಗಾಳಿಯನ್ನು ವರ್ಷದ ಬಹುಪಾಲು ತಂಪು ಮಾಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಗೊಣಗುತ್ತಾರೆ, ಅಷ್ಟೇ.

ಬ್ಲೋವರ್‌ಗೂ ಹೊಸ ಗಾಳಿ ಫ್ಯಾನ್‌ಗೂ ಒಂದೇ ಸ್ವಿಚ್ ಹಾಕಿಸಿದೆ. ಬೇರೆ ಬೇರೆ ಇಟ್ಟರೆ ಕರೆಂಟ್ ಬಿಲ್ ಜಾಸ್ತಿ ಅಂತ ಕ್ಯಾಷಿಯರ್ ಹೊಸ ಗಾಳಿ ಫ್ಯಾನನ್ನೇ ಮೊದಲು ಆರಿಸುತ್ತಾರೆ. ಹುಡ್ ಫಿಲ್ಟರ್ ಜಿಡ್ಡು ಕಟ್ಟಿದರೂ ಈ ಲೆಕ್ಕ ಕೆಡುತ್ತದೆ, ತೊಳೆಯುವ ಹುಡುಗನಿಗೆ ವಾರ ನಿಗದಿ ಮಾಡಿಬಿಡಿ.