ಫೋಟೊ ಬೇಡ ಅನ್ನುವ ಹುಡುಗಿಯರ ಜೊತೆ: ನನ್ನ ಅನುಭವ

ನಾನು ಪೋರ್ಟ್ರೇಟ್ ಫೋಟೊಗ್ರಾಫರ್. ಮುಖ ನೋಡುವುದೇ ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಒಂದು ವಿಷಯ ಬೇಗ ಗೊತ್ತಾಗಿಬಿಡುತ್ತದೆ. ಹೆಂಗಸರು ಕ್ಯಾಮೆರಾ ಮುಂದೆ ಕೂರುವ ಮೊದಲೇ ಸಮಜಾಯಿಷಿ ಶುರು ಮಾಡುತ್ತಾರೆ. ‘ನಾನು ಫೋಟೊದಲ್ಲಿ ಚೆನ್ನಾಗಿ ಬರಲ್ಲ.’ ‘ಹೊಟ್ಟೆ ಕಾಣದ ಹಾಗೆ ತೆಗೀರಿ.’ ‘ಈ ಕಡೆಯಿಂದ ಬೇಡ, ಆ ಕಡೆಯಿಂದ.’ ಹದಿಮೂರು ಹದಿನಾಲ್ಕರ ಹುಡುಗಿಯರಾದರೆ ಮಾತೇ ಇಲ್ಲ. ಕೂದಲನ್ನು ಕೆನ್ನೆ ಮೇಲೆ ಎಳೆದುಕೊಂಡು, ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ನಿಲ್ಲುತ್ತಾರೆ.

ಒಂದು ಶಾಲೆಯವರು ಹೈಸ್ಕೂಲು ಹುಡುಗಿಯರಿಗೆ ಫೋಟೊಗ್ರಫಿ ಕಲಿಸಲು ಕರೆದಾಗ ಇದೇ ದೃಶ್ಯ ದೊಡ್ಡದಾಗಿ ಕಂಡಿತು. ಕ್ಯಾಮೆರಾ ಹಿಡಿಯಲು ಎಲ್ಲರಿಗೂ ಆಸೆ. ಅದರ ಮುಂದೆ ನಿಲ್ಲಲು ಒಬ್ಬಳೂ ತಯಾರಿಲ್ಲ. ಮುಖವೇ ಇಲ್ಲದೆ ಪೋರ್ಟ್ರೇಟ್ ಹೇಗೆ ಕಲಿಸುವುದು? ಹಾಗಾಗಿ ಅಲ್ಲಿನ ಕೌನ್ಸೆಲರ್ ಜೊತೆ ಕೂತು ತರಗತಿಯನ್ನೇ ಬೇರೆ ರೀತಿ ಕಟ್ಟಿದೆವು. ನಾನು ಮನಶ್ಶಾಸ್ತ್ರ ಓದಿದವಳಲ್ಲ. ಕ್ಯಾಮೆರಾ ಭಾಗ ನನ್ನದು, ಮನಸ್ಸಿನ ಭಾಗ ಅವರದು.

ಕಟ್ಟುಪಾಡು ಒಂದೇ. ತರಗತಿಯಲ್ಲಿ ಯಾರ ರೂಪದ ಬಗ್ಗೆಯೂ ಮಾತಿಲ್ಲ, ಹೊಗಳಿಕೆ ಕೂಡ ಇಲ್ಲ. ‘ಚೆನ್ನಾಗಿ ಕಾಣ್ತೀಯ ಅನ್ನೋದೂ ತಪ್ಪಾ ಮೇಡಂ?’ ಅಂತ ಕೇಳಿದರು. ತಪ್ಪಲ್ಲ, ಆದರೆ ಉಪಯೋಗ ಇಲ್ಲ. ಅದನ್ನು ಕೇಳಿದವಳು ನಂಬುವುದಿಲ್ಲ. ನಂಬಿದರೂ ಅವಳ ಗಮನ ಮತ್ತೆ ತನ್ನ ಮುಖಕ್ಕೇ ಹೋಗುತ್ತದೆ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1997ರಲ್ಲಿ ಇದನ್ನೇ ಬಿಡಿಸಿ ಬರೆದಿದ್ದರು: ಹುಡುಗಿಯರು ತಮ್ಮ ಮೈಯನ್ನು ಹೊರಗಿನವರ ಕಣ್ಣಿನಿಂದ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ ಅಂತ. ಮರುವರ್ಷ ಒಂದು ಪ್ರಯೋಗವೂ ಬಂತು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ಹಾಕಿಸಿ, ಕನ್ನಡಿ ಇರುವ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಲೆಕ್ಕ ಮಾಡಲು ಕೊಟ್ಟರು. ಈಜುಡುಗೆ ಹಾಕಿದ ಹೆಂಗಸರ ಅಂಕ ಇಳಿಯಿತು. ಗಂಡಸರ ಅಂಕದಲ್ಲಿ ಆ ಇಳಿತ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವೇ ಆಗಲಿಲ್ಲ. ಟಾಪ್ ಕೆಳಗೆ ಎಳೆಯುತ್ತಾ ಕೂತ ಹುಡುಗಿಗೆ ನಾನು ಫೋಕಸ್ ಬಗ್ಗೆ ಹೇಳಿದ್ದು ಕಿವಿಗೇ ಬಿದ್ದಿರುವುದಿಲ್ಲ.

ಮೊದಲ ಪಾಠ ದೂರದ್ದು. ಒಂದು ಕುರ್ಚಿ, ಒಂದು ಅಳತೆ ಟೇಪು, ಒಂದು ಫೋನು. ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಒಬ್ಬಳು ನನ್ನ ಮೂಗಿನಿಂದ 30 ಸೆಂಟಿಮೀಟರ್ ಅಳೆದು ಫೋಟೊ ತೆಗೆಯುತ್ತಾಳೆ. ಆಮೇಲೆ ಒಂದೂವರೆ ಮೀಟರ್ ಹಿಂದೆ ಹೋಗಿ ಇನ್ನೊಂದು. ಎರಡನೆಯದನ್ನು ಕತ್ತರಿಸಿ, ಮುಖದ ಗಾತ್ರ ಒಂದೇ ಬರುವ ಹಾಗೆ ಮಾಡಿ, ಎರಡನ್ನೂ ಪಕ್ಕಪಕ್ಕ ಇಡುತ್ತೇವೆ. ಆಗ ನಗು ಶುರು. ಹತ್ತಿರದ ಫೋಟೊದಲ್ಲಿ ಮೂಗು ಮುಂದಕ್ಕೆ ನುಗ್ಗಿರುತ್ತದೆ, ಹಣೆ ಉಬ್ಬಿರುತ್ತದೆ, ಕಿವಿಗಳು ಅರ್ಧ ಮಾಯ. ದೂರದ ಫೋಟೊದಲ್ಲಿ ಕಿವಿ ವಾಪಸ್ ಬಂದಿರುತ್ತದೆ, ಮೂಗು ತನ್ನ ಜಾಗದಲ್ಲಿರುತ್ತದೆ.

ಕಾರಣ ಸರಳ. ಫೋನು ಹತ್ತಿರ ಇದ್ದಾಗ ಲೆನ್ಸಿಗೆ ಮೂಗಿನ ತುದಿ ತೀರಾ ಹತ್ತಿರ, ಕಿವಿ ಅದಕ್ಕಿಂತ ಎಷ್ಟೋ ದೂರ. ಹತ್ತಿರದ್ದು ದೊಡ್ಡದಾಗಿ ಬೀಳುತ್ತದೆ. ಹಿಂದೆ ಸರಿದ ಹಾಗೆ ಆ ವ್ಯತ್ಯಾಸ ಕರಗುತ್ತದೆ. ಪೋರ್ಟ್ರೇಟ್‌ಗೆ ನಾವು ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಹಾಕುವುದೂ ಇದಕ್ಕೇ. ಮುಖ ತುಂಬಿಕೊಳ್ಳಬೇಕೆಂದರೂ ಅದು ನಮ್ಮನ್ನು ಹಿಂದೆ ನಿಲ್ಲಿಸುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನು ಲೆಕ್ಕ ಹಾಕಿ ತೋರಿಸಿದರು. 30 ಸೆಂಟಿಮೀಟರ್ ದೂರದ ಸೆಲ್ಫಿಯಲ್ಲಿ ಮೂಗಿನ ಅಗಲ ಇರುವುದಕ್ಕಿಂತ ಸುಮಾರು 30% ಜಾಸ್ತಿ ಕಾಣುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಆ ಹೆಚ್ಚಳ ಇಲ್ಲದಂತಾಗುತ್ತದೆ. ಸೆಲ್ಫಿ ತೋರಿಸಿ ಮೂಗಿನ ಆಪರೇಷನ್ ಕೇಳುವವರು ಇದ್ದಾರೆ ಅಂದರೆ ಈ ಲೆಕ್ಕದ ಬೆಲೆ ಅರ್ಥವಾಗುತ್ತದೆ.

ನನ್ನ ಮುಖದ ಮೇಲೆ ಪ್ರಯೋಗ ಮುಗಿದ ಮೇಲೆ ಅವರೇ ಒಬ್ಬರನ್ನೊಬ್ಬರು ಅಳೆಯಲು ಶುರು ಮಾಡುತ್ತಾರೆ, ನಾನು ಹೇಳಬೇಕಾಗಿಲ್ಲ. ಒಮ್ಮೆ ಒಬ್ಬಳು ಎರಡೂ ಫೋಟೊ ನೋಡಿ, ‘ಹಾಗಾದ್ರೆ ಯಾವುದು ನಾನು?’ ಅಂದಳು. ಒಳ್ಳೆಯ ಪ್ರಶ್ನೆ. ಉತ್ತರ ಕೊಡುವ ಬದಲು ಅವಳ ಇನ್ನೊಂದು ಫೋಟೊ ತೆಗೆದು ಎರಡು ಪ್ರಿಂಟ್ ಹಾಕಿಸಿದೆ. ಒಂದು ಇದ್ದ ಹಾಗೇ, ಇನ್ನೊಂದು ಎಡಬಲ ತಿರುಗಿಸಿ. ಅವಳು ತಿರುಗಿಸಿದ್ದನ್ನು ಆರಿಸಿದಳು. ಅವಳ ಗೆಳತಿ ಇದ್ದ ಹಾಗೇ ಇದ್ದದ್ದನ್ನು ಆರಿಸಿದಳು. 1977ರಲ್ಲಿ ಹೀಗೇ ಒಂದು ಪ್ರಯೋಗ ನಡೆದಿತ್ತು, ಅಲ್ಲೂ ಹೆಚ್ಚಿನವರು ಹೀಗೇ ಆರಿಸಿದ್ದರು. ನಮಗೆ ಕನ್ನಡಿಯ ಮುಖ ರೂಢಿ, ಗೆಳೆಯರಿಗೆ ನಮ್ಮ ಎದುರು ಮುಖ ರೂಢಿ. ‘ಫೋಟೊದಲ್ಲಿ ಏನೋ ವಿಚಿತ್ರ ಕಾಣ್ತೀನಿ’ ಅನ್ನುವುದರಲ್ಲಿ ಒಂದು ಪಾಲು ಬರೀ ರೂಢಿಯ ಮಾತು.

ಬಣ್ಣದ ಪಾಠ ಇಷ್ಟು ಹಗುರ ಅಲ್ಲ. ಗ್ರೂಪ್ ಫೋಟೊ ಅಂದರೆ ಹಿಂದಿನ ಸಾಲಿನ ಮೂಲೆಗೆ ಹೋಗಿ ನಿಲ್ಲುವ ಒಬ್ಬಳಿದ್ದಳು. ‘ನಾನು ಫೋಟೊದಲ್ಲಿ ಬರೀ ಹಲ್ಲು ಕಾಣ್ತೀನಿ’ ಅಂತ ತಾನೇ ಜೋಕ್ ಮಾಡುತ್ತಿದ್ದಳು. ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ ನೋವು ಕಡಿಮೆ, ಅಲ್ವಾ? ಅವಳ ಕೈಗೆ ಕ್ಯಾಮೆರಾ ಕೊಟ್ಟು, ಬಿಳಿ ಗೋಡೆ ಮುಂದೆ ನಿಂತ ಗೆಳತಿಯರ ಫೋಟೊ ತೆಗೆಯಲು ಹೇಳಿದೆ. ಎಲ್ಲರೂ ಮಂಕು. ಆಟೋ ಮೋಡ್‌ನಲ್ಲಿ ಕ್ಯಾಮೆರಾ ಎದುರಿನ ದೃಶ್ಯವನ್ನೆಲ್ಲ ಒಟ್ಟು ಸೇರಿಸಿ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಗೋಡೆ ಜಾಸ್ತಿ ಇದ್ದರೆ ಒಟ್ಟು ಬೆಳಕನ್ನು ಇಳಿಸಿಬಿಡುತ್ತದೆ. ಆ ಇಳಿತದಲ್ಲಿ ಮೊದಲು ಮುಳುಗುವುದು ಕಪ್ಪು ಮುಖ. ‘ಈಗ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸು’ ಅಂದೆ, ಅಂದರೆ ಫೋಟೊಗೆ ಬೀಳುವ ಬೆಳಕನ್ನು ಎರಡರಷ್ಟು ಮಾಡು ಅಂತ. ಏರಿಸಿದಳು. ಆಮೇಲೆ ಗೋಡೆ ಬಿಟ್ಟು ಕಿಟಕಿ ಪಕ್ಕಕ್ಕೆ ಎಲ್ಲರನ್ನೂ ತಾನೇ ಎಳೆದುಕೊಂಡು ಹೋದಳು.

ಕ್ಯಾಮೆರಾ ಜಗತ್ತು ಈ ವಿಷಯದಲ್ಲಿ ಮೊದಲಿಂದಲೂ ಪಕ್ಷಪಾತಿಯೇ. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸಲು ಕೊಡಾಕ್ ಕಂಪನಿಯ ‘ಶರ್ಲಿ ಕಾರ್ಡ್’ ಇಟ್ಟುಕೊಳ್ಳುತ್ತಿದ್ದವು. ದಶಕಗಳ ಕಾಲ ಆ ಕಾರ್ಡಿನಲ್ಲಿದ್ದದ್ದು ಬಿಳಿ ಚರ್ಮದ ಹೆಂಗಸಿನ ಫೋಟೊ. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಅಂತ ಲೆಕ್ಕ. ಈ ಕಥೆ ಹೇಳಿದಾಗ ಆ ಹುಡುಗಿ ಸಿಟ್ಟಾದಳು. ನನಗೆ ಆ ಸಿಟ್ಟು ಇಷ್ಟವಾಯಿತು. ತನ್ನ ಮೇಲೇ ಮಾಡಿಕೊಳ್ಳುವ ಜೋಕಿಗಿಂತ ಅದು ಎಷ್ಟೋ ಮೇಲು.

ಟಚಪ್, ಅಂದರೆ ತೆಗೆದ ಫೋಟೊವನ್ನು ಕಂಪ್ಯೂಟರಿನಲ್ಲಿ ತಿದ್ದುವ ಪಾಠಕ್ಕೂ ನನ್ನದೇ ಮುಖ. ಫೈಲ್ ಕೊಟ್ಟು, ‘ನನ್ನನ್ನು ಜಾಹೀರಾತಿನ ಹೆಂಗಸು ಮಾಡಿ’ ಅನ್ನುತ್ತೇನೆ. ದವಡೆ ಒಳಗೆ ತಳ್ಳುತ್ತಾರೆ, ಕಣ್ಣು ಹಿಗ್ಗಿಸುತ್ತಾರೆ, ಚರ್ಮದ ರಂಧ್ರಗಳನ್ನೆಲ್ಲ ಅಳಿಸುತ್ತಾರೆ. ಕೆನ್ನೆ ನುಣುಪಾದ ಮೇಲೆ ಕುತ್ತಿಗೆ ಬೇರೆ ಯಾರದೋ ಅನ್ನಿಸುತ್ತದೆ, ಅದನ್ನೂ ನುಣುಪು ಮಾಡುತ್ತಾರೆ. ಆಮೇಲೆ ಕೈ. ನಿಲ್ಲಿಸುವುದು ಎಲ್ಲಿ ಅಂತ ಯಾರಿಗೂ ತಿಳಿಯುವುದಿಲ್ಲ.

ಇಷ್ಟು ಮಾಡಿಸಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸಬಹುದು. ಆಗುವುದಿಲ್ಲ. ಒಬ್ಬಳು ನೇರವಾಗಿಯೇ ಹೇಳಿದಳು: ‘ಎಡಿಟ್ ಮಾಡಿರ್ತಾರೆ ಅಂತ ಗೊತ್ತು ಮೇಡಂ. ಆದ್ರೂ ಹಾಗೇ ಇರಬೇಕು ಅನ್ಸುತ್ತೆ.’ ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ಫ್ರಾನ್ಸಿನಲ್ಲಿ 2017ರಿಂದ, ಜಾಹೀರಾತಿನ ಫೋಟೊದಲ್ಲಿ ಮಾಡೆಲ್‌ಗಳ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದ್ದರೆ ‘ರೀಟಚ್ ಮಾಡಿದ ಫೋಟೊ’ ಅಂತ ಬರೆಯಲೇಬೇಕು. ನಾರ್ವೆಯಲ್ಲೂ 2022ರಿಂದ ಇಂಥದ್ದೇ ಕಾನೂನಿದೆ. ಪ್ರಾಮಾಣಿಕತೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ಇಂಥ ಚೀಟಿ ನೋಡಿದ ಹೆಂಗಸರಿಗೆ ತಮ್ಮ ಮೈ ಬಗ್ಗೆ ಇರುವ ಬೇಸರ ಕಡಿಮೆಯಾಗುತ್ತದೆಯೇ ಅಂತ ಪರೀಕ್ಷಿಸಿದಾಗ, ಹೆಚ್ಚಿನ ಅಧ್ಯಯನಗಳಲ್ಲಿ ಅಂಥ ಲಾಭವೇನೂ ಕಾಣಲಿಲ್ಲ. ಸುಳ್ಳು ಅಂತ ತಿಳಿಯುವುದು ಬೇರೆ, ಅದರ ಆಸೆ ಬಿಡುವುದು ಬೇರೆ.

ಆ ಹುಡುಗಿಯ ಮಾತು ಕೇಳಿಯೇ ಕೌನ್ಸೆಲರ್ ತಮ್ಮ ಭಾಗವನ್ನು ಶುರು ಮಾಡಿದ್ದು. ಅವರು ತಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಸಂಗಡಿಗರು ರೂಪಿಸಿದ ‘ಬಾಡಿ ಪ್ರಾಜೆಕ್ಟ್’ ದಾರಿ. ಇದರಲ್ಲಿ ಉಪದೇಶ ಇಲ್ಲ. ತೆಳ್ಳಗೆ ಇರಲೇಬೇಕು ಅನ್ನುವ ಕಟ್ಟಳೆಯ ವಿರುದ್ಧ ಹುಡುಗಿಯರೇ ಮಾತಾಡಬೇಕು, ಬರೆಯಬೇಕು, ವಾದ ಹೂಡಬೇಕು. ಒಂದು ನಂಬಿಕೆಯ ವಿರುದ್ಧ ನಾವೇ ಎಲ್ಲರೆದುರು ಮಾತಾಡಿದರೆ ಒಳಗೆ ಇರಿಸುಮುರಿಸು ಶುರುವಾಗುತ್ತದೆ, ಅದನ್ನು ಸರಿಮಾಡಿಕೊಳ್ಳಲು ನಂಬಿಕೆಯೇ ಸ್ವಲ್ಪ ಸಡಿಲವಾಗುತ್ತದೆ. ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಜರ್ 1957ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ಬುನಾದಿ. ಈ ಕ್ರಮವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ, ಫಲವೂ ಕಂಡಿದೆ.

ಇದರಲ್ಲಿ ನನಗೊಂದು ಪಾತ್ರ ಸಿಕ್ಕಿತು. ನಾನು ಹಟಮಾರಿ ಹುಡುಗಿ. ‘ನಾಳೆಯಿಂದ ರಾತ್ರಿ ಊಟ ಬಿಡ್ತೀನಿ, ಸಣ್ಣ ಆದ್ರೆ ಎಲ್ಲ ಸರಿಹೋಗುತ್ತೆ’ ಅಂತ ಕೂರಬೇಕು. ಅವರು ನನ್ನನ್ನು ಒಪ್ಪಿಸಬೇಕು.

‘ಎಲ್ಲ ಅಂದ್ರೆ ಏನೇನು?’ ಅಂತ ಒಬ್ಬಳು ಹಿಡಿದಳು.

‘ಎಲ್ಲರೂ ನನ್ನ ಜೊತೆ ಮಾತಾಡ್ತಾರೆ’ ಅಂದೆ.

‘ಈಗ ಯಾರು ಮಾತಾಡಲ್ಲ ಹೇಳಿ.’

‘ನೀವೇ.’

‘ಈಗ ಮಾತಾಡ್ತಾ ಇದೀವಲ್ಲ!’

ಇಡೀ ಕ್ಲಾಸ್ ನಕ್ಕಿತು. ಆದರೆ ನಾನು ಬೇಗ ಸೋಲುವ ಹಾಗಿಲ್ಲ. ನಾನು ಎಷ್ಟು ಹಟ ಹಿಡಿದರೆ ಅಷ್ಟು ಒಳ್ಳೆಯ ವಾದ ಅವರ ಬಾಯಿಂದ ಬರುತ್ತದೆ. ಊಟ ಬಿಟ್ಟು ತಲೆ ಸುತ್ತಿದ ಕಥೆಯನ್ನು ಅವರೇ ಹೊರಗೆ ತೆಗೆದರು. ಯಾರ ಕಥೆ ಅಂತ ನಾವು ಕೇಳಲಿಲ್ಲ. ತರಗತಿ ಮುಗಿದ ಮೇಲೆ ಕೌನ್ಸೆಲರ್ ಬೇರೆಯಾಗಿ ವಿಚಾರಿಸಿದರು.

ಮನೆಯವರ ಬಗ್ಗೆಯೂ ಹೇಳಬೇಕು. ತರಗತಿಯ ಹೊರಗೆ, ನನ್ನಲ್ಲಿ ತೆಗೆಸಿದ ಫೋಟೊ ಒಯ್ಯಲು ಬಂದ ಅಮ್ಮಂದಿರು ಮಗಳ ಎದುರೇ ತಮ್ಮನ್ನು ತಾವು ಹಳಿದುಕೊಳ್ಳುತ್ತಾರೆ. ‘ಅಯ್ಯೋ, ನನ್ನ ತೋಳು ನೋಡಿ, ಕಂಬದ ಹಾಗಿದೆ.’ ಜೊತೆಗಿದ್ದವರು ‘ನಿಮ್ಮದೇನ್ರೀ, ನನ್ನದು ನೋಡಿ’ ಅನ್ನುತ್ತಾರೆ. ಇದು ಸ್ನೇಹದ ಮಾತು, ಕೆಟ್ಟ ಉದ್ದೇಶ ಯಾರಿಗೂ ಇಲ್ಲ. ಪಕ್ಕದಲ್ಲಿ ನಿಂತ ಮಗಳು ಮಾತ್ರ ತನ್ನ ತೋಳನ್ನೂ ನೋಡಿಕೊಳ್ಳುತ್ತಾಳೆ. ಒಬ್ಬ ತಾಯಿ, ‘ಇತ್ತೀಚೆಗೆ ದಪ್ಪ ಆಗ್ತಿದ್ದಾಳೆ, ಕಂಪ್ಯೂಟರಿನಲ್ಲಿ ಸ್ವಲ್ಪ ಸಣ್ಣ ಮಾಡಿಕೊಡಿ’ ಅಂದರು. ಹುಡುಗಿ ಅಲ್ಲೇ ಇದ್ದಳು. ‘ಅಮ್ಮಾ, ಬೆಳೀತಿರೋ ಮಗು. ಈ ವಯಸ್ಸಿನಲ್ಲಿ ಸೊಂಟ, ತೊಡೆ ತುಂಬಿಕೊಳ್ಳಲೇಬೇಕು’ ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ಮೈ ನೆರೆಯುವ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನಿನಿಂದ ಹುಡುಗಿಯರ ಮೈಯಲ್ಲಿ ಕೊಬ್ಬು ಸೇರುವುದು ಸಹಜ ಬೆಳವಣಿಗೆಯ ಭಾಗ. ಕೆಲವರು ಮೊದಲು ಅಗಲವಾಗಿ ಆಮೇಲೆ ಉದ್ದವಾಗುತ್ತಾರೆ, ಕೆಲವರು ಇದರ ತಿರುಗುಮುರುಗು. ಆ ತಾಯಿಗೆ ನನ್ನ ಮಾತು ಹಿಡಿಸಲಿಲ್ಲ. ಹಣ ಕೊಟ್ಟು, ಮುಖ ಬಿಗಿಮಾಡಿಕೊಂಡು ಹೋದರು. ಎಲ್ಲವೂ ನಗುನಗುತ್ತಾ ಮುಗಿಯುವುದಿಲ್ಲ.

ನನ್ನ ಟಚಪ್ ಲೆಕ್ಕ ಈಗ ಹೀಗಿದೆ. ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದು, ಮೊಡವೆಯೋ ಗೀರೋ, ಕೇಳಿದರೆ ತೆಗೆಯುತ್ತೇನೆ. ಮಚ್ಚೆ, ಹಳೆ ಗಾಯದ ಕಲೆ, ಮೂಗು, ತೋಳು ಹಾಗೇ ಇರುತ್ತವೆ. ಮೈಬಣ್ಣ ಬೆಳ್ಳಗೆ ಮಾಡುವುದಿಲ್ಲ. ಇದರಿಂದ ಕೆಲವು ಕೆಲಸ ಕೈತಪ್ಪಿವೆ.

ಇಂಥ ತರಗತಿ ಮಾಡಬೇಕು ಅನ್ನುವವರು ಮೊದಲು ಒಬ್ಬ ಕೌನ್ಸೆಲರನ್ನು ಜೊತೆಗೆ ಇಟ್ಟುಕೊಳ್ಳಿ. ಊಟ ತಪ್ಪಿಸುವುದು, ಉಂಡ ಕೂಡಲೇ ಬಾತ್‌ರೂಮಿಗೆ ಓಡುವುದು, ಮುಟ್ಟು ನಿಂತಿರುವುದು, ಪದೇ ಪದೇ ತಲೆ ಸುತ್ತುವುದು, ಸುಸ್ತಾದರೂ ವ್ಯಾಯಾಮ ಬಿಡದಿರುವುದು, ಇವು ಕಂಡರೆ ನಮ್ಮ ಕ್ಯಾಮೆರಾ ಪಾಠದಿಂದ ಆಗುವಂಥದ್ದೇನೂ ಇಲ್ಲ. ಡಾಕ್ಟರ್ ಹತ್ತಿರ ಹೋಗಲೇಬೇಕು. ಅನೊರೆಕ್ಸಿಯಾ, ಅಂದರೆ ದಪ್ಪ ಆಗುವ ಭಯದಿಂದ ಊಟವನ್ನೇ ದೂರ ಮಾಡುವ ಕಾಯಿಲೆ, ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಕಾಯಿಲೆಗಳಲ್ಲಿ ಒಂದು. ತೂಕ ಸರಿಯಾಗಿರುವ ಹುಡುಗಿಗೂ ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆ ಇರಬಹುದು, ಮೈ ನೋಡಿ ಹೇಳಲು ಬರುವುದಿಲ್ಲ.

ತರಗತಿಗೆ ತೂಕದ ಯಂತ್ರ ತರಬೇಡಿ. ‘ಮೊದಲು ಹೀಗಿದ್ದಳು, ಈಗ ಹೀಗಾದಳು’ ಅನ್ನುವ ಜೋಡಿ ಫೋಟೊ ಬೇಡ. ಮಕ್ಕಳ ಫೋಟೊ ಶಾಲೆಯ ಮೆಮೊರಿ ಕಾರ್ಡಿನಲ್ಲೇ ಇರಲಿ, ಯಾರ ಫೋನಿಗೂ ಹೋಗದಿರಲಿ. ಕೊನೆಯ ದಿನ ಪ್ರತಿಯೊಬ್ಬಳೂ ತನ್ನ ಫೋಟೊಗಳನ್ನು ತಾನೇ ನೋಡಿ, ಬೇಕಾದದ್ದು ಇಟ್ಟುಕೊಂಡು, ಬೇಡದ್ದನ್ನು ತನ್ನ ಕೈಯಾರೆ ಅಳಿಸುತ್ತಾಳೆ. ಒಬ್ಬಳು ಎಲ್ಲವನ್ನೂ ಅಳಿಸಿದರೂ ಯಾಕೆ ಅಂತ ಕೇಳುವುದಿಲ್ಲ.