"ಸಾವು 38% ಕಡಿಮೆ" ಎಂಬ ಸುದ್ದಿ ಬಂದಾಗ: ಸಕ್ಕರೆ ಕಾಯಿಲೆ, ಹೃದಯದ ಸಂಶೋಧನೆ ಓದುವ ಬಗೆ

ಸಕ್ಕರೆ ಕಾಯಿಲೆಯ ಮಾತ್ರೆಯೊಂದು ಹೃದಯವನ್ನೂ ಕಾಪಾಡುತ್ತದೆ ಎಂಬ ಸುದ್ದಿ ಓದಿದಾಗ, ಶೇಕಡಾ ಲೆಕ್ಕವನ್ನು ಬದಿಗಿಟ್ಟು ಎರಡೂ ಗುಂಪುಗಳ ಮೂಲ ಅಂಕಿಗಳನ್ನು ಹುಡುಕಿ. 2015ರಲ್ಲಿ ಪ್ರಕಟವಾದ ಎಂಪಾ-ರೆಗ್ ಔಟ್‌ಕಮ್ ಅಧ್ಯಯನವನ್ನೇ ನೋಡೋಣ. ಅದರಲ್ಲಿ 7,020 ಜನರಿದ್ದರು. ಕೆಲವರಿಗೆ ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟು ಸುಮಾರು 3 ವರ್ಷ ಗಮನಿಸಿದರು. ಹೃದಯ, ರಕ್ತನಾಳದ ತೊಂದರೆಯಿಂದ ಸತ್ತವರು ಹುಸಿಮಾತ್ರೆಯ ಗುಂಪಿನಲ್ಲಿ ನೂರಕ್ಕೆ 5.9, ಔಷಧಿಯ ಗುಂಪಿನಲ್ಲಿ 3.7. ಸುದ್ದಿಯಲ್ಲಿ ಬಂದ 38% ಹುಟ್ಟಿದ್ದು ಇಲ್ಲಿಂದ.

ಈಗ ಕಳೆಯಿರಿ: 5.9ರಲ್ಲಿ 3.7 ಹೋದರೆ 2.2. ನೂರನ್ನು 2.2ರಿಂದ ಭಾಗಿಸಿದರೆ ಸುಮಾರು 45. ಅಂದರೆ 45 ಜನ 3 ವರ್ಷ ಮಾತ್ರೆ ತೆಗೆದುಕೊಂಡರೆ ಒಂದು ಸಾವು ತಪ್ಪುತ್ತದೆ. ನಿಜಕ್ಕೂ ಒಳ್ಳೆಯ ಫಲಿತಾಂಶವೇ.

ಆದರೆ ಯಾರಿಗೆ? ಅಲ್ಲಿದ್ದವರೆಲ್ಲರಿಗೂ ಮೊದಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆ ಇತ್ತು. ಸ್ಟೆಂಟ್ ಹಾಕಿಸಿಕೊಂಡ ಅಪ್ಪನಿಗೆ ಈ ಲೆಕ್ಕ ಹತ್ತಿರ. ಬರೀ ಶುಗರ್ ಇರುವ, ಸಾವಿನ ಅಪಾಯ ನೂರಕ್ಕೆ 1 ಇರುವವರಿಗೂ ಅದೇ 38% ಇಳಿಯುತ್ತದೆ ಎಂದೇ ಇಟ್ಟುಕೊಳ್ಳಿ: ಒಂದು ಸಾವು ತಪ್ಪಿಸಲು ಸುಮಾರು 263 ಜನ ಮಾತ್ರೆ ನುಂಗಬೇಕು. ಓದುಗರು ಹೆಚ್ಚಾಗಿ ಎಡವುವುದು ಇಲ್ಲೇ.

ಆಮೇಲೆ ಅಧ್ಯಯನದ ಮುಖ್ಯ ಅಳತೆಯನ್ನು ಬಿಡಿಸಿ ನೋಡಿ. ಇಲ್ಲಿ ಹೃದಯ ಸಂಬಂಧಿ ಸಾವು, ಹೃದಯಾಘಾತ, ಪಾರ್ಶ್ವವಾಯು ಮೂರನ್ನೂ ಒಟ್ಟು ಸೇರಿಸಿ ಎಣಿಸಿದ್ದರು, ಅದು 12.1ರಿಂದ 10.5ಕ್ಕೆ ಇಳಿಯಿತು. ಬಿಡಿಬಿಡಿಯಾಗಿ ನೋಡಿದರೆ ಹೃದಯಾಘಾತ 5.4ರ ಬದಲು 4.8, ಪಾರ್ಶ್ವವಾಯು 3.0ರ ಬದಲು 3.5. ಈ ಎರಡೂ ವ್ಯತ್ಯಾಸಗಳು ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಸಣ್ಣವು. ಲಾಭ ಬಂದದ್ದು ಸಾವಿನ ಇಳಿಕೆಯಿಂದ. ಹಾರ್ಟ್ ಫೇಲ್ಯೂರ್‌ಗಾಗಿ ಆಸ್ಪತ್ರೆ ಸೇರುವುದನ್ನು ಪ್ರತ್ಯೇಕವಾಗಿ ಎಣಿಸಿದ್ದರು, ಅದೂ 4.1ರಿಂದ 2.7ಕ್ಕೆ ಇಳಿಯಿತು. ಹೀಗಾಗಿ "ಲಕ್ವ ತಡೆಯುವ ಮಾತ್ರೆ" ಎಂದು ಯಾರಾದರೂ ಇದನ್ನು ಕರೆದರೆ ಈ ಅಧ್ಯಯನದಲ್ಲಿ ಅದಕ್ಕೆ ಆಧಾರವಿಲ್ಲ.

ಬರೀ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಇಳಿಯಿತು ಎನ್ನುವ ವರದಿಯಿಂದ ಹೃದಯದ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಅಮೆರಿಕ ಮತ್ತು ಕೆನಡಾದ 10,251 ಜನರ ಅಕಾರ್ಡ್ ಅಧ್ಯಯನದಲ್ಲಿ ಒಂದು ಗುಂಪಿಗೆ 6%ಗಿಂತ ಕೆಳಗಿನ ಗುರಿ ಇಟ್ಟಿದ್ದರು. ಆ ಗುಂಪಿನಲ್ಲಿ 257 ಸಾವು, ಇನ್ನೊಂದರಲ್ಲಿ 203. ಹಾಗಾಗಿ 2008ರಲ್ಲಿ ಆ ಕಟ್ಟುನಿಟ್ಟಿನ ಚಿಕಿತ್ಸೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಕಣ್ಣು, ಕಿಡ್ನಿಗೆ ಶುಗರ್ ಹತೋಟಿ ಬೇಕೇ ಬೇಕು. ಎಷ್ಟು ಇಳಿಸಬೇಕು ಎಂಬುದು ವಯಸ್ಸು, ಹೃದಯದ ಸ್ಥಿತಿ, ಲೋ ಶುಗರ್ ಆಗುವ ಭಯ ಇವನ್ನೆಲ್ಲ ನೋಡಿ ವೈದ್ಯರು ನಿರ್ಧರಿಸಬೇಕಾದದ್ದು.

ತೊಂದರೆಗೂ ಅದೇ ಗಣಿತ. ಎಂಪಾ-ರೆಗ್‌ನಲ್ಲಿ ಜನನಾಂಗದ ಸೋಂಕು ನೂರಕ್ಕೆ 1.8ರಿಂದ 6.4ಕ್ಕೆ ಏರಿತು, ಅಂದರೆ ಸುಮಾರು 22 ಜನರಲ್ಲಿ ಒಬ್ಬರಿಗೆ ಹೆಚ್ಚುವರಿ ಸೋಂಕು. ಅಪರೂಪವಾದರೂ ಗಂಭೀರವಾದದ್ದು ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಅಪಾಯದ ಮಟ್ಟಕ್ಕೆ ಏರುವುದು. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ತೀರಾ ಏರದೆಯೂ ಅದು ಬರಬಲ್ಲದು. ಆದ್ದರಿಂದ ವಾಂತಿಭೇದಿ ಆದಾಗ, ಉಪವಾಸ ಮಾಡುವಾಗ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ. ಮೊದಲೇ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆಗೆ ಎಂಪಾಗ್ಲಿಫ್ಲೋಜಿನ್ ಅನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸುವುದು ರೂಢಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಅರಿವಳಿಕೆ ವೈದ್ಯರಿಗೆ ಈ ಮಾತ್ರೆಯ ಹೆಸರು ತಿಳಿಸಿ.