ವಿ8 ಎಂಜಿನ್ ಮಿಸ್ ಹೊಡೀತಿದೆಯಾ? ಕಾರ್ಬೊರೇಟರ್ ಆಮೇಲೆ ನೋಡೋಣ

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯ್ಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಜಾತ್ರೆ. 1995ರಲ್ಲಿ ಶುರುವಾದದ್ದು. ಕಾರು ಕಂಪನಿಗಳ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕನ್ನಡಿಗರಲ್ಲಿ ಕೆಲವರಿಗೆ ನೋಡಿದ್ದು ಸಾಲದೆ ಕೊಳ್ಳುವ ಹುಚ್ಚೂ ಹಿಡಿಯುತ್ತದೆ. ನಾನೂ ಗೆಳೆಯನೂ ಸೇರಿ ಕೊಂಡದ್ದು 1969ರ ಶೆವ್ರೊಲೆ ಕ್ಯಾಮರೊ. 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ವಿ8: ಇಂಗ್ಲಿಷಿನ V ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರ್. ಬಾನೆಟ್ ಕೆಳಗೆ ಹಾಲಿನ ಡೈರಿಯಷ್ಟು ಜಾಗ.

ಹೊಸ ಪ್ಲಗ್, ಹೊಸ ವೈರ್ ಹಾಕಿ ಮೆರೆದ ವಾರಕ್ಕೇ ಎಂಜಿನ್ ಮಿಸ್ ಹೊಡೆಯತೊಡಗಿತು, ಅಂದರೆ ಸಿಲಿಂಡರ್ ಸರಿಯಾಗಿ ಸಿಡಿಯದೆ ಮುಗ್ಗರಿಸತೊಡಗಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ಕಟ್ಟಿದೆವು. ರೋಗ ಅಲ್ಲಿರಲೇ ಇಲ್ಲ. ಅದಕ್ಕೇ ಹೇಳುತ್ತೇನೆ: ಮೊದಲು ಕಿವಿ, ಆಮೇಲೆ ಕರೆಂಟು, ಆಮೇಲೆ ಗಾಳಿ, ಪೆಟ್ರೋಲ್ ಕೊನೆಗೆ. ಈ ಸಾಲು ತಪ್ಪಿಸಬೇಡಿ.

ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಡಿ. ಎಗ್ಸಾಸ್ಟ್ ಹೊಗೆ ಪ್ರಾಣ ತೆಗೆಯುತ್ತದೆ. ಈ ಎಂಜಿನ್ನಿನ ಫ್ಯಾನ್ ಬೆಲ್ಟಿನಿಂದ ಸದಾ ತಿರುಗುತ್ತಿರುತ್ತದೆ, ಹಾಗಾಗಿ ಲುಂಗಿ ಉಟ್ಟು ಬಗ್ಗುವ ಕೆಲಸ ಬೇಡ.

ಮೊದಲು ಸುಮ್ನೆ ಕೇಳಿ

ಅಂಬಾಸಿಡರಿನ ನಾಲ್ಕು ಸಿಲಿಂಡರಿನಲ್ಲಿ ಒಂದು ಸತ್ತರೆ ಇಡೀ ಕಾರೇ ನಡುಗುತ್ತದೆ. ಎಂಟರಲ್ಲಿ ಒಂದು ಸತ್ತರೆ ಅಷ್ಟು ಗೊತ್ತಾಗುವುದಿಲ್ಲ. ಐಡ್ಲಿಂಗ್‌ನಲ್ಲಿ, 700 ಆರ್‌ಪಿಎಂ (ನಿಮಿಷಕ್ಕೆ 700 ಸುತ್ತು) ಇದ್ದಾಗ, ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 350 ಸಲ ಸಿಡಿಯುತ್ತದೆ. ಸೈಲೆನ್ಸರ್ ಪೈಪಿನ ಬಾಯಿಗೆ ಒಂದು ಕಾಗದದ ಚೂರು ಹಿಡಿಯಿರಿ. ಇಲ್ಲಿನ ಹಳೇ ಮೆಕ್ಯಾನಿಕ್‌ಗಳು ಒಂದು ಡಾಲರ್ ನೋಟು ಹಿಡಿಯುತ್ತಾರೆ. ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಮುಗ್ಗರಿಸಿದರೆ ಕೆಟ್ಟಿರುವುದು ಯಾವುದೋ ಒಂದೇ ಸಿಲಿಂಡರ್. ಲೆಕ್ಕವಿಲ್ಲದೆ ಎಲ್ಲೆಂದರಲ್ಲಿ ಮುಗ್ಗರಿಸಿದರೆ ಎಲ್ಲ ಸಿಲಿಂಡರಿಗೂ ಸೇರಿದ ತೊಂದರೆ: ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು), ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವುದು), ಪೆಟ್ರೋಲ್. ಕಾಗದ ಆಗಾಗ ಪೈಪಿನ ಒಳಕ್ಕೆ ಎಳೆದುಕೊಂಡರೆ ಎಗ್ಸಾಸ್ಟ್ ವಾಲ್ವ್ ಸುಟ್ಟಿರಬಹುದು.

ಇನ್ನೊಂದು ಮಾತು. ಹಿಂದಿನ ಮಾಲೀಕ ರೇಸಿನ ಹುಚ್ಚಿಗೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನು ದೊಡ್ಡದು ಹಾಕಿಸಿದ್ದರೆ ಎಂಜಿನ್ ನಿಂತಲ್ಲಿ ಕುಣಿಯುವುದು ಅದರ ಸ್ವಭಾವ. ಆಕ್ಸಿಲರೇಟರ್ ಒತ್ತಿದ ಕೂಡಲೇ ನಯವಾಗುತ್ತದಾ? ಹಾಗಾದರೆ ಅದು ರೋಗವೇ ಅಲ್ಲದಿರಬಹುದು.

ಸತ್ತದ್ದು ಯಾವುದು?

ಎಡಗಡೆ, ಅಂದರೆ ಅಮೆರಿಕದ ಡ್ರೈವರ್ ಕಡೆ, ಮುಂದಿನಿಂದ ಹಿಂದಕ್ಕೆ 1, 3, 5, 7. ಬಲಗಡೆ 2, 4, 6, 8. ಪ್ಲಾಸ್ಟಿಕ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ತೆಗೆದು ಎಂಜಿನ್ ಬ್ಲಾಕಿಗೆ ತಾಗಿಸಿ ಇಡಿ. ಒಳ್ಳೆಯ ಸಿಲಿಂಡರಿನ ವೈರ್ ತೆಗೆದರೆ ಎಂಜಿನ್ ಇನ್ನಷ್ಟು ಕುಂಟುತ್ತದೆ. ಸತ್ತದ್ದರ ವೈರ್ ತೆಗೆದರೆ ಏನೂ ಆಗುವುದಿಲ್ಲ. ಶಾಕ್ ಹೊಡೆದೀತು ಅಂತ ಹೆದರಿಕೆಯಾದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ತನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಎಗ್ಸಾಸ್ಟಿನ ಎಂಟೂ ಬಾಯಿಗಳ ಬಿಸಿ ಅಳೆಯಿರಿ. ಉಳಿದವು ಕಾದಿದ್ದರೂ ಸತ್ತದ್ದು ತಣ್ಣಗೇ ಇರುತ್ತದೆ.

ಈಗ ಪ್ಲಗ್ ಬಿಚ್ಚಿ ನೋಡಿ. ತೆಳು ಕಂದು ಬಣ್ಣ ಇದ್ದರೆ ಚೆನ್ನಾಗಿದೆ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ಬಡವು. ಎಣ್ಣೆ ಜಿಡ್ಡು ಇದ್ದರೆ ಒಳಗಿಂದ ಆಯಿಲ್ ಬರುತ್ತಿದೆ. ಸುಟ್ಟು ಬೆಳ್ಳಗಾಗಿದ್ದರೆ ಗಾಳಿ ಹೆಚ್ಚಾಗಿದೆ. ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.035 ಇಂಚು.

ಕರೆಂಟಿನ ಕಡೆ

ರಾತ್ರಿ ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳ ಮೇಲೆ ನೀರನ್ನು ತೆಳುವಾಗಿ ಸಿಂಪಡಿಸಿ. ಹಳೇ ವೈರಾದರೆ ನೀಲಿ ಕಿಡಿ ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಕಿಡಿಯ ಕರೆಂಟನ್ನು ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ಪೆನ್ಸಿಲ್ ಗೀಟಿನಂಥ ಕರಿ ಗೆರೆ ಇದೆಯಾ ನೋಡಿ. ಇದ್ದರೆ ಕಿಡಿ ಅಲ್ಲಿ ಸೋರುತ್ತಿದೆ. ಕ್ಯಾಪ್ ಬದಲಾಯಿಸಿ.

ಪ್ರೀಮಿಯರ್ ಪದ್ಮಿನಿಯ ಸಿ.ಬಿ. ಪಾಯಿಂಟ್ ಉಜ್ಜಿ ಬೆಳೆದವರಿಗೆ ಮುಂದಿನದು ಸುಲಭ. ಅದೇ ಪಾಯಿಂಟ್, ಅದೇ ಕಂಡೆನ್ಸರ್. ಈ ಕಾರಿನಲ್ಲಿ ಒಂದು ಸುಖ ಜಾಸ್ತಿ: ಕ್ಯಾಪಿನಲ್ಲಿ ಪುಟ್ಟ ಕಿಟಕಿ ಇದೆ. ಎಂಜಿನ್ ಓಡುತ್ತಿರುವಾಗಲೇ ಅಲ್ಲಿ ಅಲೆನ್ ಕೀ ತೂರಿಸಿ, ಡ್ವೆಲ್ ಮೀಟರ್ ನೋಡುತ್ತಾ ಡ್ವೆಲ್ಲನ್ನು, ಅಂದರೆ ಪಾಯಿಂಟ್ ಮುಚ್ಚಿಕೊಂಡಿರುವ ಕೋನವನ್ನು, 30 ಡಿಗ್ರಿಗೆ ತರಬಹುದು. ಮುಳ್ಳು ಒಂದು ಕಡೆ ನಿಲ್ಲದೆ ಓಲಾಡಿದರೆ ಡಿಸ್ಟ್ರಿಬ್ಯೂಟರಿನ ಬುಷ್ ಸವೆದಿದೆ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡುವುದು ಇದಾದ ಮೇಲೆ. ಡ್ವೆಲ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ.

ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟನ್ನು ಕ್ರ್ಯಾಂಕ್ ಮುಂದಿನ ಗುರುತಿಗೆ ಹಿಡಿಯುವಾಗ, ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ವ್ಯಾಕ್ಯೂಮ್ ಅಡ್ವಾನ್ಸಿನ ಪೈಪ್ ಕಿತ್ತು ಬಾಯಿ ಮುಚ್ಚಿರಿ. ಗುರುತನ್ನೂ ಕಣ್ಣುಮುಚ್ಚಿ ನಂಬಬೇಡಿ. ಆ ಗೆರೆ ಇರುವುದು ಕ್ರ್ಯಾಂಕ್ ಮುಂದೆ ನಡುಕ ಹೀರುವ ಬ್ಯಾಲೆನ್ಸರಿನ ಹೊರಬಳೆಯಲ್ಲಿ, ಆ ಬಳೆ ರಬ್ಬರಿನ ಮೇಲೆ ಕೂತಿದೆ. ಐವತ್ತು ವರ್ಷ ದಾಟಿದ ರಬ್ಬರು ಜಾರಿದರೆ ಗೆರೆಯೂ ಜಾರುತ್ತದೆ. 1ನೇ ಪಿಸ್ಟನ್ ನಿಜವಾಗಿ ತುದಿಗೆ ಬಂದಾಗ ಗೆರೆ ಸೊನ್ನೆಗೆ ಬರುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ.

ಇನ್ನು ನಮ್ಮ ಕಥೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಸಿಡಿಯುವ ಸರದಿ, 1-8-4-3-6-5-7-2. ಅದರಲ್ಲಿ 5 ಆದ ಕೂಡಲೇ 7. ಎರಡೂ ಅಕ್ಕಪಕ್ಕದ ಸಿಲಿಂಡರುಗಳು. ನಾವು ಅಂದಕ್ಕೆಂದು ಅವೆರಡರ ವೈರುಗಳನ್ನು ಜೊತೆಗೆ ಸೇರಿಸಿ ಕಟ್ಟಿದ್ದೆವು. 5ನೆಯದಕ್ಕೆ ಕರೆಂಟು ಹರಿದಾಗ ಪಕ್ಕದ ವೈರಿನಲ್ಲೂ ಕರೆಂಟು ಹುಟ್ಟಿ, 7ನೆಯದು ಹೊತ್ತಿಗೆ ಮೊದಲೇ ಸಿಡಿಯುತ್ತಿತ್ತು. ವೈರ್ ಹೊಸದೇ, ಕಿಡಿಯೂ ಇತ್ತು, ಹಾಗಾಗಿ ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳಲಿಲ್ಲ! ಎರಡನ್ನೂ ಬೇರೆ ಬೇರೆ ಮಾಡಿ ಕಟ್ಟಿದೆವು. ಹತ್ತು ನಿಮಿಷದ ಕೆಲಸ. ಎರಡು ಭಾನುವಾರ ಅದಕ್ಕೆ ಹೋಗಿತ್ತು.

ಗಾಳಿ ಎಳೆಯುತ್ತಿದೆಯಾ?

ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಅಗ್ಗದ ಸಾಮಾನು, ಆದರೆ ಅದು ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿಗೆ ಹಾಕಿ. ಮೂಲ ಕ್ಯಾಮ್ ಇರುವ ಆರೋಗ್ಯವಂತ ಎಂಜಿನ್ನಿನಲ್ಲಿ ಮುಳ್ಳು 17ರಿಂದ 21 ಇಂಚು ಪಾದರಸದ ನಡುವೆ ಅಲುಗದೆ ನಿಲ್ಲುತ್ತದೆ. ಅಲುಗದೆ ಆದರೆ ಕೆಳಗೆ ನಿಂತಿದ್ದರೆ ಟೈಮಿಂಗ್ ಹಿಂದಿದೆ ಅಥವಾ ಎಲ್ಲೋ ಗಾಳಿ ನುಗ್ಗುತ್ತಿದೆ. ಒಂದೇ ಲಯದಲ್ಲಿ ಕೆಳಕ್ಕೆ ಎಗರುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಗಾಳಿ ನುಗ್ಗುವ ಜಾಗಗಳು: ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ (ಎಂಜಿನ್ ಒಳಗಿನ ಹೊಗೆಯನ್ನು ವಾಪಸ್ ಎಳೆಯುವ) ಪೈಪ್. ಪೈಪುಗಳನ್ನು ಒಂದೊಂದಾಗಿ ಕಿತ್ತು, ಬಾಯಿ ಮುಚ್ಚಿ, ಮುಳ್ಳು ಏರುತ್ತದಾ ನೋಡಿ. ಸ್ಪ್ರೇ ಹೊಡೆದು ಹುಡುಕುವವರಿದ್ದಾರೆ, ಆದರೆ ಅದು ಬೆಂಕಿ ಹಿಡಿಯುವ ವಸ್ತು. ನಾನಂತೂ ಮಾಡುವುದಿಲ್ಲ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಗೇರ್‌ಬಾಕ್ಸಿಗೆ ಎಂಜಿನ್ನಿನ ಎಳೆತ ತಿಳಿಸುವ ಮಾಡ್ಯುಲೇಟರಿನ ಪೈಪನ್ನೂ ಕಿತ್ತು ನೋಡಿ. ಒಳಗೆ ಎಣ್ಣೆ ಇದ್ದರೆ ಅದರ ಡಯಾಫ್ರಾಮ್ ಹರಿದು, ಎಂಜಿನ್ ಗೇರ್ ಎಣ್ಣೆ ಕುಡಿಯುತ್ತಿದೆ.

ಈಗ ಕಾರ್ಬೊರೇಟರ್

ಇಲ್ಲಿಯವರೆಗೆ ಎಲ್ಲ ಸರಿ ಇದ್ದರೆ ಮಾತ್ರ. ಚಳಿಗಾಲವಿಡೀ ನಿಂತ ಕಾರಾದರೆ ಮೊದಲು ಪೆಟ್ರೋಲ್ ಮೂಸಿ ನೋಡಿ. ವಾರ್ನಿಷ್ ವಾಸನೆ ಬಂದರೆ ಚೆಲ್ಲಿ. ಇಲ್ಲಿನ ಪೆಟ್ರೋಲಿನಲ್ಲಿ ಹೆಚ್ಚಾಗಿ 10% ತನಕ ಎಥನಾಲ್ ಇರುತ್ತದೆ, ಅದು ಆ ಕಾಲದ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ರೊಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬೊರೇಟರ್ ಇದ್ದರೆ ಪೆಟ್ರೋಲ್ ಒಳಬರುವ ನಟ್ಟಿನ ಹಿಂದೆ ಪುಟ್ಟ ಫಿಲ್ಟರ್ ಅಡಗಿದೆ. ತುಂಬ ಜನ ಅದನ್ನು ಮರೆತೇಬಿಡುತ್ತಾರೆ. ಆಮೇಲೆ ಮುಂದಿನ ಎರಡು ಮಿಕ್ಸ್ಚರ್ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ವ್ಯಾಕ್ಯೂಮ್ ಅತಿ ಹೆಚ್ಚು ತೋರಿಸುವಲ್ಲಿ ಬಿಡಿ.

ಇನ್ನೂ ಕುಂಟುತ್ತಿದ್ದರೆ

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆಯಿರಿ. ಎಂಜಿನ್ ಬಿಸಿ ಇರಲಿ, ಎಂಟೂ ಪ್ಲಗ್ ಹೊರಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ಕಾಯಿಲಿಗೆ ಹೋಗುವ ಕರೆಂಟು ಕಿತ್ತಿರಲಿ. ಅತಿ ಕಡಿಮೆ ಬಂದದ್ದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿರಬಾರದು. ಒಂದರಲ್ಲಿ 160 ಪಿಎಸ್‌ಐ ಬಂದರೆ ಇನ್ನೊಂದರಲ್ಲಿ 120 ಆದರೂ ಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಕಂಪ್ರೆಷನ್ ಸರಿ ಇದ್ದೂ ಒಂದು ಸಿಲಿಂಡರ್ ಸೋಮಾರಿಯಾಗಿದ್ದರೆ ವಾಲ್ವ್ ಕವರ್ ತೆಗೆದು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ. ವಾಲ್ವ್ ಒತ್ತುವ ರಾಕರುಗಳಲ್ಲಿ ಒಂದು ಉಳಿದವುಗಳಷ್ಟು ಏಳದಿದ್ದರೆ ಕ್ಯಾಮ್ ಸವೆದಿದೆ. ಈಗಿನ ಕಾರುಗಳ ಆಯಿಲಿನಲ್ಲಿ ಸವೆತ ತಡೆಯುವ ಜಿಂಕ್ ಕಡಿಮೆ, ಈ ಹಳೇ ಕ್ಯಾಮಿಗೆ ಅದು ಬೇಕೇ ಬೇಕು. ಹೊಸ ಕ್ಯಾಮ್ ಹಾಕುವುದಾದರೆ ಅದರ ಮೇಲೆ ಉಜ್ಜುವ ಹದಿನಾರು ಲಿಫ್ಟರುಗಳನ್ನೂ ಹೊಸದೇ ಹಾಕಿಸಿ. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗಿಗೆ ಬಿಡದೆ 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು, ಹಾಗಾಗಿ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.